ಕಂಬಕ್ಕೆ ಪಕ್ಕದಿಂದ ಬೀಳುವ ಪೆಟ್ಟು: ಬಾಲ್ಟಿಮೋರ್‌ನ ಹಡಗು, ವಿಜಯವಾಡದ ದೋಣಿ, ನಮ್ಮ ಹೊಳೆಯ ಸೇತುವೆ

2025ರ ನವೆಂಬರ್‌ನಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. ಬಾಲ್ಟಿಮೋರ್‌ನಲ್ಲಿ ಹಡಗು ಗುದ್ದಿ ದೊಡ್ಡ ಸೇತುವೆ ಬಿದ್ದಿತ್ತಲ್ಲ, ಅದರ ತನಿಖೆ ಮುಗಿಯಿತು, ಸಡಿಲವಾಗಿದ್ದ ಒಂದು ವೈರ್ ಕಾರಣ ಅಂತ. ಓದಿದವರಿಗೆ ಸುಲಭಕ್ಕೆ ಅರ್ಥವಾಗುವ ಮಾತಲ್ಲ ಇದು. ವೈರ್ ಇದ್ದದ್ದು ಹಡಗಿನ ಹೊಟ್ಟೆಯಲ್ಲಿ. ಬಿದ್ದದ್ದು 2.6 ಕಿಲೋಮೀಟರ್ ಉದ್ದದ ಸೇತುವೆ. ಒಂದು ವೈರ್‌ಗೆ ಅಷ್ಟು ದೊಡ್ಡ ಸೇತುವೆ ಬೀಳುತ್ತದಾ?

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಸಮುದ್ರ ಇಲ್ಲ, ಬಂದರು ಇಲ್ಲ. ಕೃಷ್ಣೆಯ ಮೇಲಿನ ಕೊಲ್ಹಾರ ಸೇತುವೆಯ ಕೆಳಗೆ ಹಡಗು ಬರುವುದಿಲ್ಲ. ಮತ್ತೆ ನಮಗ್ಯಾಕೆ ಈ ಚಿಂತೆ? ನ್ಯಾಯವಾದ ಪ್ರಶ್ನೆಯೇ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಇದೇ ಕೃಷ್ಣೆಯಲ್ಲಿ, ನಮ್ಮಿಂದ ಕೆಳಗೆ ವಿಜಯವಾಡದಲ್ಲಿ, ದೋಣಿಗಳು ತೇಲಿಕೊಂಡು ಹೋಗಿ ಬ್ಯಾರೇಜ್‌ಗೆ ಗುದ್ದಿದವು. ಹೀಗಾಗಿ ಬಾಲ್ಟಿಮೋರ್‌ನ ಕತೆಯನ್ನು ಮೊದಲಿನಿಂದ ನೋಡಬೇಕು.

ವೈರ್ ಕೆಡಿಸಿದ್ದು ಹಡಗನ್ನು

2024ರ ಮಾರ್ಚ್ 26ರ ನಸುಕಿನ ಒಂದೂವರೆ ಗಂಟೆ ಹೊತ್ತು. ಡಾಲಿ ಅನ್ನುವ ಸರಕು ಹಡಗು ಬಾಲ್ಟಿಮೋರ್ ಬಂದರಿನಿಂದ ಶ್ರೀಲಂಕಾಕ್ಕೆ ಹೊರಟಿತ್ತು. ಉದ್ದ ಸುಮಾರು 300 ಮೀಟರ್. ಅದರಲ್ಲಿದ್ದ 21 ಸಿಬ್ಬಂದಿಯಲ್ಲಿ 20 ಜನ ಭಾರತೀಯರು. ಸೇತುವೆ ಹತ್ತಿರ ಬರುತ್ತಿದ್ದಂತೆ ಹಡಗಿನಲ್ಲಿ ಕರೆಂಟ್ ಹೋಯಿತು. ವಾಪಸ್ ಬಂತು, ಮತ್ತೆ ಹೋಯಿತು. ಎಂಜಿನ್ ನಿಂತಿತು. ಚುಕ್ಕಾಣಿ ಕೈಕೊಟ್ಟಿತು. ಹಡಗು ದಾರಿ ತಪ್ಪಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಮುಖ್ಯ ಕಂಬವೊಂದಕ್ಕೆ ಗುದ್ದಿತು. ಕೆಲವೇ ಸೆಕೆಂಡಿನಲ್ಲಿ ಸೇತುವೆ ನೀರಿಗೆ ಬಿತ್ತು. ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ 6 ಕೂಲಿಕಾರರು ಸತ್ತರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದೂವರೆ ವರ್ಷಕ್ಕೂ ಜಾಸ್ತಿ ತನಿಖೆ ಮಾಡಿತು. ಹಡಗಿನಲ್ಲಿ ಪ್ರತಿ ವೈರ್‌ಗೂ ಗುರುತಿನ ಪಟ್ಟಿ ಸುತ್ತಿರುತ್ತಾರೆ. ಒಂದು ವೈರ್‌ನ ಪಟ್ಟಿ ಸರಿಯಾದ ಜಾಗದಲ್ಲಿ ಇರಲಿಲ್ಲ. ಹೀಗಾಗಿ ವೈರ್‌ನ ತುದಿ ತನ್ನ ತೂತಿನೊಳಗೆ ಪೂರ್ತಿ ಕೂತಿರಲಿಲ್ಲ. ಅದು ಸಡಿಲಗೊಂಡು ಬ್ರೇಕರ್ ಬಿತ್ತು, ಹಡಗು ಕತ್ತಲಾಯಿತು. ಹೆಡ್‌ಲೈನ್ ಆದದ್ದು ಇಷ್ಟು.

ಆದರೆ ವರದಿಯಲ್ಲಿ ಇದರ ಜೊತೆಗೇ ಇನ್ನೊಂದು ಮಾತಿತ್ತು. ಸೇತುವೆ ಬೀಳಲು ಮತ್ತು ಜೀವ ಹೋಗಲು ಬೇರೆ ಕಾರಣಗಳೂ ಸೇರಿಕೊಂಡವು. ಇಂಥ ಪೆಟ್ಟಿನಿಂದ ಸೇತುವೆಯನ್ನು ಕಾಪಾಡುವ ವ್ಯವಸ್ಥೆ ಮಾಡಿರಲಿಲ್ಲ. ಮೇಲೆ ಕೆಲಸ ಮಾಡುತ್ತಿದ್ದವರಿಗೆ ಓಡಿ ಅಂತ ಹೇಳುವ ದಾರಿಯೂ ಇರಲಿಲ್ಲ. ವೈರ್ ಕೆಡಿಸಿದ್ದು ಹಡಗನ್ನು. ಕೆಟ್ಟ ಹಡಗು ಬಂದಾಗ ಸೇತುವೆ ಯಾಕೆ ತಡೆದುಕೊಳ್ಳಲಿಲ್ಲ ಅನ್ನುವುದೇ ಬೇರೆ ಪ್ರಶ್ನೆ. ನಮಗೆ ಬೇಕಾದದ್ದು ಈ ಎರಡನೆಯದು.

ಕಬ್ಬಿನ ಟ್ರ್ಯಾಕ್ಟರ್ ವೇಗದಲ್ಲಿ ಒಂದು ಲಕ್ಷ ಟನ್

ಗುದ್ದುವಾಗ ಡಾಲಿಯ ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್. ಕಬ್ಬು ಹೇರಿದ ಟ್ರ್ಯಾಕ್ಟರ್ ಏರು ಹತ್ತುವಾಗ ಹೋಗುವಷ್ಟು. ಆದರೆ ತೂಕ 1 ಲಕ್ಷ ಟನ್‌ಗೂ ಜಾಸ್ತಿ. ಎರಡು ಟ್ರೇಲರ್ ಕಬ್ಬಿನ ಸಮೇತ ಒಂದು ಟ್ರ್ಯಾಕ್ಟರ್ 25 ಟನ್ ಅಂತ ಹಿಡಿಯಿರಿ. ಅಂಥ 4,000 ಟ್ರ್ಯಾಕ್ಟರ್‌ಗಳನ್ನು ಒಂದೇ ಮುದ್ದೆ ಮಾಡಿ ಒಂದು ಕಂಬಕ್ಕೆ ಗುದ್ದಿಸಿದ ಲೆಕ್ಕ. ಹಡಗಿಗೆ ರಸ್ತೆಯ ವಾಹನದಂತೆ ಬ್ರೇಕ್ ಇಲ್ಲ. ನೀರಿನಲ್ಲಿ ಚಕ್ರಕ್ಕೆ ನೆಲ ಸಿಗುವುದಿಲ್ಲ, ಅಲ್ವಾ?

ಸೇತುವೆಯ ಕಂಬ ಮೇಲಿನ ಭಾರ ಹೊರಲು ಹುಟ್ಟಿದ್ದು. ದನ ಕಟ್ಟುವ ಗೂಟ ನೆನೆಸಿಕೊಳ್ಳಿ. ತಲೆ ಮೇಲೆ ಎಷ್ಟು ಹೊಡೆದರೂ ಅದು ನೆಲಕ್ಕೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಕೀಳಬೇಕಾದಾಗ ಯಾರೂ ಮೇಲೆ ಹೊಡೆಯುವುದಿಲ್ಲ. ಪಕ್ಕಕ್ಕೆ ಹೊಡೆದು ಅಲ್ಲಾಡಿಸುತ್ತಾರೆ. ಕಂಬದ ವಿಷಯವೂ ಹಾಗೇ. ನೂರಾರು ಲಾರಿಗಳ ಭಾರಕ್ಕೆ ಅದು ಜಗ್ಗುವುದಿಲ್ಲ, ಪಕ್ಕದಿಂದ ಬರುವ ಒಂದು ದೊಡ್ಡ ಪೆಟ್ಟು ಸಾಕು.

ಹಡಗು ಕಂಬ ಬಿಟ್ಟು ಬೇರೆ ಕಡೆ ತಾಗಿದರೆ ಫಲವೂ ಬೇರೆ. 2025ರ ಮೇ 17ರಂದು ಮೆಕ್ಸಿಕೊ ನೌಕಾಪಡೆಯ ಹಾಯಿಹಡಗೊಂದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಕ್ಕೆ ತನ್ನ ಎತ್ತರದ ಪಟಸ್ತಂಭಗಳನ್ನು ಬಡಿಸಿಕೊಂಡಿತು. ಹಡಗಿನಲ್ಲಿದ್ದ ಇಬ್ಬರು ಸತ್ತರು, ಸೇತುವೆಗೆ ಹೇಳಿಕೊಳ್ಳುವಂಥ ಪೆಟ್ಟಾಗಲಿಲ್ಲ. ಎರಡೂ ಹಡಗು ಡಿಕ್ಕಿಯೇ. ಒಂದು ಕಂಬಕ್ಕೆ ಬಿತ್ತು, ಒಂದು ಬೀಳಲಿಲ್ಲ.

ಒಂದು ಕಂಬ ಹೋದರೆ ಮೂರು ಅಂಕಣ ಯಾಕೆ ಬಿದ್ದವು?

ಬಾಲ್ಟಿಮೋರ್‌ನಲ್ಲಿ ಮುರಿದದ್ದು ಒಂದು ಕಂಬ. ಎರಡು ಕಂಬಗಳ ನಡುವಿನ ಭಾಗಕ್ಕೆ ಅಂಕಣ ಅನ್ನುತ್ತಾರೆ. ಮಧ್ಯದ 366 ಮೀಟರ್ ಅಂಕಣದ ಜೊತೆ ಅಕ್ಕಪಕ್ಕದವೂ ಬಿದ್ದವು. ಟಿಕೋಟಾ ಕಡೆಯ ದ್ರಾಕ್ಷಿ ಪಡ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪಡದ ಉದ್ದಕ್ಕೂ ತಂತಿ ಒಂದೇ. ಕಂಬಗಳ ಮೇಲೆ ಬಿಗಿಯಾಗಿ ಎಳೆದಿರುತ್ತಾರೆ. ತುದಿಯ ಕಲ್ಲುಕಂಬ ಕಿತ್ತರೆ ಆ ಸಾಲಿನ ಬಿಗಿ ಎಲ್ಲ ಹೋಗಿ ಹಣ್ಣಿನ ಸಮೇತ ಸಾಲು ನೆಲ ಹಿಡಿಯುತ್ತದೆ. ಕೀ ಸೇತುವೆಯ ಉಕ್ಕಿನ ಚೌಕಟ್ಟು ಹೀಗೆ ಮೂರು ಅಂಕಣಕ್ಕೂ ಸೇರಿ ಒಂದೇ ಆಗಿತ್ತು. ಉಕ್ಕು ಕಡಿಮೆ ಹಿಡಿಯುತ್ತದೆ, ಅಂಕಣ ಉದ್ದ ಸಿಗುತ್ತದೆ. ಆದರೆ ಒಂದು ಆಸರೆ ತಪ್ಪಿದರೆ ಭಾರವನ್ನು ಬೇರೆ ದಾರಿಯಲ್ಲಿ ಇಳಿಸಲು ಆಗುವುದಿಲ್ಲ.

ಸೇತುವೆ ಅದೇ, ಹಡಗು ಬೆಳೆಯಿತು

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲಿದೆ. ಕೀ ಸೇತುವೆ ಓಡಾಟಕ್ಕೆ ತೆರೆದದ್ದು 1977ರಲ್ಲಿ. ಮೂರು ವರ್ಷಕ್ಕೆ, 1980ರಲ್ಲಿ, ಬ್ಲೂ ನಗೋಯಾ ಅನ್ನುವ ಹಡಗು ಅದಕ್ಕೆ ಗುದ್ದಿತ್ತು. ಸೇತುವೆ ನಿಂತಿತು, ಸಣ್ಣ ರಿಪೇರಿಯಲ್ಲಿ ಮುಗಿಯಿತು. ಆ ಹಡಗಿಗಿಂತ ಡಾಲಿ ಸುಮಾರು 10 ಪಟ್ಟು ದೊಡ್ಡದು. ಅಂದರೆ ಸೇತುವೆ ಕಟ್ಟಿದವರು ಆ ಕಾಲದ ಹಡಗು ನೋಡಿ ಕಟ್ಟಿದ್ದರು. 47 ವರ್ಷದಲ್ಲಿ ಹಡಗುಗಳು ಬೆಳೆಯುತ್ತಾ ಹೋದವು. ಕಂಬ ಇದ್ದ ಹಾಗೇ ಇತ್ತು. ಕಂಬದ ಹತ್ತಿರ ನೀರಿನಲ್ಲಿ ಸಣ್ಣ ರಕ್ಷಣಾ ಕಟ್ಟೆಗಳಿದ್ದವು. ಓರೆಯಾಗಿ ಬಂದ ಡಾಲಿ ಅವುಗಳನ್ನು ದಾಟಿ ನೇರ ಕಂಬಕ್ಕೇ ಬಂತು.

ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲ ಅಂತಲ್ಲ. 1975ರಲ್ಲಿ ಆಸ್ಟ್ರೇಲಿಯಾದ ಟಾಸ್ಮನ್ ಸೇತುವೆಗೆ ಹಡಗು ಗುದ್ದಿ 12 ಜನ ಸತ್ತಿದ್ದರು. 1980ರ ಮೇ 9ರಂದು ಫ್ಲಾರಿಡಾದ ಸನ್‌ಶೈನ್ ಸ್ಕೈವೇ ಸೇತುವೆ ಹೀಗೇ ಬಿದ್ದು 35 ಜನ ಹೋದರು. ಅದಾದ ಮೇಲೆ ಅಲ್ಲಿನ ಎಂಜಿನಿಯರುಗಳು ಕೂತು, ಯಾವ ಸೇತುವೆಗೆ ಎಷ್ಟು ಅಪಾಯ ಅಂತ ಲೆಕ್ಕ ಹಾಕುವ ಕ್ರಮವನ್ನು 1991ರಲ್ಲಿ ತಂದರು. ಹೊಸ ಸೇತುವೆಗಳಿಗೆ ಅದು ಕಡ್ಡಾಯವಾಯಿತು. ಹಳೆಯವಕ್ಕೆ ಮಾಡಿದರೆ ಒಳ್ಳೆಯದು ಅನ್ನುವ ಸಲಹೆ ಮಾತ್ರ. ಕೀ ಸೇತುವೆಗೆ ಆ ಲೆಕ್ಕ ಹಾಕಿರಲೇ ಇಲ್ಲ. ಬಿದ್ದ ಮೇಲೆ ತನಿಖಾ ಮಂಡಳಿಯೇ ಹಾಕಿ ನೋಡಿದಾಗ, ಮುಖ್ಯ ಸೇತುವೆಗಳಿಗೆ ಇಟ್ಟ ಮಿತಿಗಿಂತ ಅಪಾಯ ಸುಮಾರು 30 ಪಟ್ಟು ಜಾಸ್ತಿ ಇತ್ತು. 2025ರ ಮಾರ್ಚ್‌ನಲ್ಲಿ ಇನ್ನೂ 68 ಸೇತುವೆಗಳ ಲೆಕ್ಕ ಹಾಕಿ ಅಂತ ಮಂಡಳಿ ಹೇಳಿತು.

ಯಾರು ಏನು ಹೇಳುತ್ತಾರೆ?

ಸೇತುವೆ ನೋಡಿಕೊಳ್ಳುವವರ ವಾದ ಸರಳ: ಗುದ್ದಿದ್ದು ಹಡಗು, ತಪ್ಪು ಹಡಗಿನದು. ಹಡಗನ್ನು ಚೆನ್ನಾಗಿ ಇಟ್ಟುಕೊಂಡಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಹಡಗಿನ ಕಡೆಯವರು 1851ರಷ್ಟು ಹಳೆಯ ಕಾನೂನು ಹಿಡಿದು, ತಮ್ಮ ಹೊಣೆಗೆ ಸುಮಾರು 4.4 ಕೋಟಿ ಡಾಲರ್ ಮಿತಿ ಹಾಕಿ ಅಂತ ಕೋರ್ಟಿಗೆ ಹೋದರು.

ಎಂಜಿನಿಯರುಗಳಲ್ಲೂ ಎರಡು ಮಾತಿದೆ. ಒಂದು ಲಕ್ಷ ಟನ್ ನೇರ ಬಂದು ಗುದ್ದಿದರೆ ತಡೆಯುವ ಕಂಬ ಕಟ್ಟುವುದು ಆಗದ ಮಾತು, ಹಡಗಿಗೆ ಅದನ್ನು ಎಳೆದು ತಳ್ಳುವ ಟಗ್ ದೋಣಿಗಳನ್ನು ಜೋಡಿಸಿ ಸೇತುವೆ ದಾಟಿಸಿ ಅನ್ನುವುದು ಒಂದು. ಕಂಬ ತಡೆಯಬೇಕಾಗಿಲ್ಲ, ಹಡಗು ಕಂಬದವರೆಗೆ ಬರದಂತೆ ಮಾಡಿದರೆ ಸಾಕು ಅನ್ನುವುದು ಇನ್ನೊಂದು. ಕಂಬದ ಸುತ್ತ ಕಲ್ಲು ಸುರಿದು ದಿಬ್ಬ ಮಾಡಬಹುದು. ಹಡಗು ಅದರ ಮೇಲೆ ಹತ್ತಿ ಕೂರುತ್ತದೆ. ಕಾಂಕ್ರೀಟ್ ತುಂಬಿದ ಭಾರಿ ಕಟ್ಟೆಗಳನ್ನು ಮುಂದೆ ನಿಲ್ಲಿಸಬಹುದು. ಇಂಥವಕ್ಕೆ ಡಾಲ್ಫಿನ್ ಅನ್ನುತ್ತಾರೆ. 1987ರಲ್ಲಿ ತೆರೆದ ಹೊಸ ಸ್ಕೈವೇ ಸೇತುವೆಗೆ ಇಂಥ 36 ಕಟ್ಟೆ ಹಾಕಿದ್ದಾರೆ.

ನನಗೆ ಎರಡನೆಯ ವಾದ ಜಾಸ್ತಿ ಸರಿ ಕಾಣುತ್ತದೆ. ಹಡಗಿನಲ್ಲಿ ಸಾವಿರಾರು ವೈರ್ ಇರುತ್ತವೆ. ಎಲ್ಲೋ ಒಂದು ಕೈಕೊಡುವುದು ಖಾತ್ರಿ. ಅದು ಸೇತುವೆಯ ಹತ್ತಿರವೇ ಕೈಕೊಟ್ಟರೂ ಜನ ಉಳಿಯಬೇಕು. ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಹೊಸ ಕೀ ಸೇತುವೆಗೆ ಮೊದಲು 170ರಿಂದ 190 ಕೋಟಿ ಡಾಲರ್ ಅಂದಿದ್ದರು. ಈಗ ಅಂದಾಜು 430ರಿಂದ 520 ಕೋಟಿ ಡಾಲರ್‌ಗೆ ಏರಿದೆ. ಮುಗಿಯುವುದು 2030ರ ಕೊನೆಗೆ. ಅಷ್ಟು ದುಡ್ಡಿನ ಮುಂದೆ ಕಂಬದ ಸುತ್ತ ಕಲ್ಲು ಸುರಿಯುವ ಖರ್ಚು ಸಣ್ಣದು.

ಹಡಗೇ ಬೇಕೆಂದಿಲ್ಲ

1993ರ ಸೆಪ್ಟೆಂಬರ್ 22ರ ನಸುಕಿನಲ್ಲಿ ಅಮೆರಿಕದ ಅಲಬಾಮಾದಲ್ಲಿ ಮಂಜು ಕವಿದಿತ್ತು. ಬಾರ್ಜ್ ಅನ್ನುವ ಚಪ್ಪಟೆ ತಳದ ಸರಕು ದೋಣಿಗಳನ್ನು ತಳ್ಳುತ್ತಿದ್ದ ದೋಣಿಯೊಂದು ದಾರಿ ತಪ್ಪಿ, ದೊಡ್ಡ ದೋಣಿ ಬರಬಾರದ ಹಳ್ಳದೊಳಗೆ ಹೋಯಿತು. ಅಲ್ಲಿನ ರೈಲು ಸೇತುವೆಗೆ ಬಾರ್ಜ್ ತಾಗಿತು. ಸೇತುವೆ ಬೀಳಲಿಲ್ಲ, ಜಾಗ ಬಿಟ್ಟು ಸ್ವಲ್ಪ ಸರಿಯಿತು. ಹಳಿ ಬಾಗಿತು, ತುಂಡಾಗಲಿಲ್ಲ. ತುಂಡಾಗದ ಕಾರಣ ಸಿಗ್ನಲ್ ಹಸಿರಾಗೇ ಇತ್ತು. ಕೆಲವೇ ನಿಮಿಷಕ್ಕೆ ಪ್ರಯಾಣಿಕರ ರೈಲು ಬಂತು. 47 ಜನ ಸತ್ತರು. ಇಲ್ಲಿ ದೊಡ್ಡ ಹಡಗಿಲ್ಲ, ಸಮುದ್ರ ಇಲ್ಲ. ದೊಡ್ಡ ದೋಣಿ ಬರಬಾರದ ಕಡೆ ಅದು ಬಂತು, ಅಷ್ಟೇ.

ಈಗ ನಮ್ಮ ಹೊಳೆಗೆ ಬರೋಣ. 2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದ ಪ್ರಕಾಶಂ ಬ್ಯಾರೇಜ್‌ಗೆ 11 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಂತು. ಅಲ್ಲಿ ಅದು ದಾಖಲೆ. ಮೇಲ್ಗಡೆ ದಡದಲ್ಲಿದ್ದ ಭಾರಿ ದೋಣಿಗಳು ಬಿಚ್ಚಿಕೊಂಡವು. ಹತ್ತಾರು ಟನ್ ತೂಕದ ಕಬ್ಬಿಣದ ದೋಣಿಗಳು ಪ್ರವಾಹದ ವೇಗದಲ್ಲಿ ಬಂದು ಬ್ಯಾರೇಜ್‌ಗೆ ಗುದ್ದಿದವು. ಗೇಟು ಎತ್ತಿ ಇಳಿಸಲು ಇರುವ ಪ್ರತಿಭಾರದ ಕಾಂಕ್ರೀಟ್ ಗಡ್ಡೆಗಳು ಒಡೆದವು. ಆ ಬ್ಯಾರೇಜ್ ಮೇಲೆಯೇ ರಸ್ತೆಯೂ ಇದೆ. ದೋಣಿಗಳು ಗೇಟಿನ ಬಾಯಿಗೆ ಸಿಕ್ಕಿಕೊಂಡವು. ಕ್ರೇನ್ ತಂದರೂ ಜಗ್ಗಲಿಲ್ಲ. ಮುಳುಗುಗಾರರು ಇಳಿದರು, ಕತ್ತರಿಸಲು ನೋಡಿದರು. ಹೊರಗೆ ಎಳೆಯಲು ಹಲವು ದಿನ ಹಿಡಿಯಿತು. ಬೇಕಂತಲೇ ಬಿಚ್ಚಿ ಬಿಟ್ಟರು ಅಂತ ಒಬ್ಬರು, ಸುಮ್ನೆ ಆರೋಪ ಅಂತ ಇನ್ನೊಬ್ಬರು, ರಾಜಕೀಯ ಜಗಳವೂ ನಡೆಯಿತು.

ಬೇಕಂತ ಮಾಡಿದ್ದೋ, ಅಸಡ್ಡೆಯೋ, ಎಂಜಿನಿಯರಿಗೆ ಎರಡೂ ಒಂದೇ. ಪ್ರವಾಹದ ದಿನ ದಡದಲ್ಲಿ ಕಟ್ಟಿದ ಪ್ರತಿ ಭಾರಿ ದೋಣಿಯೂ ಕೆಳಗಿನ ಸೇತುವೆಗೆ ಗುರಿ ಇಟ್ಟ ಹಾಗೆ. ಉಸುಕು ತೆಗೆಯುವ ದೋಣಿ, ಟ್ರ್ಯಾಕ್ಟರ್ ದಾಟಿಸುವ ಬೋಟ್, ಹಿನ್ನೀರಿನ ಮೀನುಗಾರರ ತೆಪ್ಪ, ಎಲ್ಲವೂ ಒಂದೇ ತೂಕದವಲ್ಲ. ತೆಪ್ಪದಿಂದ ಕಂಬಕ್ಕೆ ಏನೂ ಆಗುವುದಿಲ್ಲ. ಕಬ್ಬಿಣದ ದೋಣಿಯಿಂದ ಆಗುತ್ತದೆ.

ನಮ್ಮ ಸೇತುವೆಗಳು ಯಾವ ಜಾತಿಯವು?

ಒಂದು ಸಮಾಧಾನದ ಸಂಗತಿ ಇದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೇಲಿನ ನಮ್ಮ ಬಹುತೇಕ ರಸ್ತೆ ಸೇತುವೆಗಳು ದ್ರಾಕ್ಷಿ ಪಡದ ಥರದವಲ್ಲ. ಕಲ್ಲಿನಿಂದ ಕಲ್ಲಿಗೆ ಹಲಗೆ ಇಟ್ಟ ಹಾಗೆ, ಪ್ರತಿ ಅಂಕಣ ಬೇರೆ ಬೇರೆ. ಒಂದು ಕಂಬ ಹೋದರೆ ಎರಡು ಅಂಕಣ ಬೀಳಬಹುದು, ಉಳಿದವು ನಿಲ್ಲುವ ಸಾಧ್ಯತೆ ಜಾಸ್ತಿ. ಅಂಕಣ ಚಿಕ್ಕದಾದಷ್ಟೂ ನೀರಿನಲ್ಲಿ ಕಂಬ ಜಾಸ್ತಿ. ತೇಲಿ ಬರುವ ಯಾವುದಕ್ಕೂ ಒಂದಲ್ಲ ಒಂದು ಕಂಬ ಸಿಕ್ಕೇ ಸಿಗುತ್ತದೆ.

ಅದಕ್ಕೇ ನಮ್ಮಲ್ಲಿ ಜಾಸ್ತಿ ಭಯ ಇರುವುದು ಪ್ರವಾಹ ಹೊತ್ತು ತರುವ ಸರಕಿನದು. ಬುಡಮೇಲಾದ ಮರ, ಬಿದಿರು, ಅಂತರಗಂಗೆಯ ರಾಶಿ, ಕಬ್ಬಿನ ರವದಿ. ಇವು ಕಂಬಕ್ಕೆ ಸಿಕ್ಕಿ ಗುಡ್ಡೆಯಾಗುತ್ತವೆ. ಆಗ ನೀರಿಗೆ ಕಂಬ ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತದೆ. ಒತ್ತಡವೂ ಅಷ್ಟೇ ಏರುತ್ತದೆ. ರಸ್ತೆ, ಸೇತುವೆಗಳಿಗೆ ನಿಯಮ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ ನೀರಿನ ಒತ್ತಡ ವೇಗದ ವರ್ಗಕ್ಕೆ ಸಮನಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಕಂಬದ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಚೌಕ ಮುಖದ ಕಂಬದ ಮೇಲಿನ ಒತ್ತಡ ದುಂಡನೆಯ ಕಂಬದ ಮೇಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ದುಂಡು ಕಂಬಕ್ಕೆ ಕಸ ಗುಡ್ಡೆಯಾದರೆ ಆ ದುಂಡಿನ ಲಾಭ ಹೋಯಿತು ಅಂತಲೇ ಲೆಕ್ಕ.

ಚಿಕ್ಕೋಡಿ, ನಿಪ್ಪಾಣಿ ಕಡೆ ಕಲ್ಲೋಳ-ಯಡೂರ, ಭೋಜ-ಕಾರದಗಾದಂಥ ಕೆಳಮಟ್ಟದ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಪ್ರತಿ ವರ್ಷದ ಮಾತು. 2019ರಲ್ಲಿ ಗೋಕಾಕದ ಲೋಳಸೂರ ಸೇತುವೆಯೂ ನೀರಿನಡಿ ಹೋಗಿತ್ತು. ಮುಳುಗಿದ ಸೇತುವೆಗೆ ಮರ ಬಡಿದರೆ ಪೆಟ್ಟು ಕಂಬಕ್ಕಷ್ಟೇ ಅಲ್ಲ, ಮೇಲಿನ ಹಾಸಿಗೂ ಬೀಳುತ್ತದೆ. ನೀರು ಇಳಿದ ಮೇಲೆ ರಸ್ತೆ ಮೊದಲಿನಂತೇ ಕಾಣುತ್ತದೆ. ಹಾಸು ತನ್ನ ಕೂರುವ ಜಾಗದಿಂದ ನಾಲ್ಕು ಬೆರಳು ಸರಿದಿದ್ದರೆ ಮೇಲೆ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ಅಲಬಾಮಾದ ಹಳಿ ಇದೇ ಥರ ಮೋಸ ಮಾಡಿತು.

ಬುಡದ ಕೊರೆತ ಇನ್ನೂ ದೊಡ್ಡ ಶತ್ರು. ಹರಿಯುವ ನೀರು ಕಂಬದ ಸುತ್ತ ಸುಳಿ ಎಬ್ಬಿಸಿ ಉಸುಕನ್ನು ತೋಡುತ್ತದೆ. ಹತ್ತಿರದಲ್ಲಿ ಉಸುಕು ತೆಗೆದಿದ್ದರೆ ಕೆಲಸ ಇನ್ನೂ ಸಲೀಸು. ಬುಡ ಬರಿದಾದ ಕಂಬ ಅಲ್ಲಾಡಿಸಿದ ಗೂಟದ ಹಾಗೆ. ಆಗ ಮರದ ದಿಮ್ಮಿಯ ಪೆಟ್ಟೂ ದೊಡ್ಡದೇ. ಮಹಾಬಳೇಶ್ವರದಲ್ಲಿ ಕೃಷ್ಣೆ ಹುಟ್ಟುವ ಅದೇ ಗುಡ್ಡದಿಂದ ಪಶ್ಚಿಮಕ್ಕೆ ಸಾವಿತ್ರಿ ನದಿ ಹರಿಯುತ್ತದೆ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಅದರ ಬ್ರಿಟಿಷ್ ಕಾಲದ ಸೇತುವೆ ಪ್ರವಾಹಕ್ಕೆ ಕೊಚ್ಚಿ ಹೋಯಿತು. ಕತ್ತಲಲ್ಲಿ ಎರಡು ಬಸ್‌ಗಳು ಆ ಖಾಲಿ ಜಾಗಕ್ಕೆ ಹೋಗಿ ಬಿದ್ದವು.

ಹೊಳೆ ಬದಲಾದರೆ ಲೆಕ್ಕವೂ ಬದಲಾಗಬೇಕು

ಮುಂದಿನ ದಿನಗಳಲ್ಲಿ ನಮ್ಮ ಹೊಳೆಗಳಲ್ಲಿ ಎರಡು ಬದಲಾವಣೆ ಆಗಬಹುದು. ಒಂದು ಆಲಮಟ್ಟಿಯದು. ಜಲಾಶಯದ ಮಟ್ಟ ಈಗ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. ಭೂಮಿ, ಪರಿಹಾರ, ಮಹಾರಾಷ್ಟ್ರದ ತಕರಾರು, ಇವುಗಳ ಚರ್ಚೆ ಬೇಕಾದಷ್ಟಿದೆ, ಇರಬೇಕಾದದ್ದೇ. ಆದರೆ ಹಿನ್ನೀರು ನಾಲ್ಕೂವರೆ ಮೀಟರ್‌ಗೂ ಜಾಸ್ತಿ ಏರಿದರೆ ಅಲ್ಲಿನ ಪ್ರತಿ ಸೇತುವೆಯ ಕಂಬದ ಬಳಿಯೂ ಆಳ ಬದಲಾಗುತ್ತದೆ. ಕಂಬದ ಸುತ್ತ ನೀರು ಆಳವಿಲ್ಲದಿದ್ದರೆ ದೊಡ್ಡ ದೋಣಿ ಕಂಬ ಮುಟ್ಟುವ ಮೊದಲೇ ನೆಲ ಹಿಡಿಯುತ್ತದೆ. ಇದು ಪುಕ್ಕಟೆ ಸಿಗುವ ರಕ್ಷಣೆ. ಆಳ ಏರಿದರೆ ಅದು ಹೋಗುತ್ತದೆ. ಕೊಲ್ಹಾರ ಮತ್ತು ಅನಗವಾಡಿ ಸೇತುವೆಗಳು ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿಯ ಜೀವನಾಡಿ. ಕೊಲ್ಹಾರ ಬಂದ್ ಆದರೆ ವಿಜಯಪುರದ ಲಾರಿಗಳು ಆಲಮಟ್ಟಿ ಕಡೆಯಿಂದಲೋ ಜಮಖಂಡಿ ಕಡೆಯಿಂದಲೋ ಸುತ್ತಬೇಕು. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗಳ ಗತಿ ಹೇಳಬೇಕಾಗಿಲ್ಲ.

ಇನ್ನೊಂದು ಜಲಮಾರ್ಗ. 2016ರ ಕಾನೂನು ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗ ಅಂತ ಘೋಷಿಸಿತು. ಅದರಲ್ಲಿ ಭೀಮಾ, ಘಟಪ್ರಭಾ, ಮಲಪ್ರಭಾ ಮೂರೂ ಇವೆ. ಬೇಸಿಗೆಯಲ್ಲಿ ದಾಟಿ ಹೋಗುವಷ್ಟು ಒಣಗುವ ಮಲಪ್ರಭೆಯಲ್ಲಿ ಸರಕು ಬಾರ್ಜ್ ಓಡುವುದು ಸದ್ಯಕ್ಕೆ ದೂರದ ಮಾತು. ಗೋವಾದಲ್ಲಿ ಮಾತ್ರ ಇದು ದಿನದ ಸಂಗತಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಅಲ್ಲಿ ಮಾಂಡವಿಯಾಗಿ, ಪಣಜಿಯ ಸೇತುವೆಗಳ ಕೆಳಗೆ ಅದಿರಿನ ಬಾರ್ಜ್‌ಗಳನ್ನು ದಶಕಗಳಿಂದ ಹೊತ್ತಿದ್ದಾಳೆ. ದೋಣಿ ಸಂಚಾರ ಇರುವ ಕಡೆ ಬಾರ್ಜ್ ಡಿಕ್ಕಿಯ ಭಾರ ಹಿಡಿದೇ ಸೇತುವೆ ವಿನ್ಯಾಸ ಮಾಡಿ ಅಂತ ನಮ್ಮ ದೇಶದ ನಿಯಮವೂ ಹೇಳುತ್ತದೆ. ತೊಡಕು ಇರುವುದು ಹಳೆಯ ಸೇತುವೆಗಳದ್ದು. ಅವನ್ನು ಕಟ್ಟುವಾಗ ಆ ಹೊಳೆಯಲ್ಲಿ ಭಾರಿ ದೋಣಿ ಇರಲಿಲ್ಲ. ಬಾಲ್ಟಿಮೋರ್‌ನಲ್ಲೂ 1977ರಲ್ಲಿ 300 ಮೀಟರ್ ಉದ್ದದ ಡಾಲಿ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ

ನಮ್ಮ ಕಂಬಗಳಿಗೆ ಅಮೆರಿಕದಂತೆ ಕಾಂಕ್ರೀಟ್ ಡಾಲ್ಫಿನ್ ಬೇಕಾಗಿಲ್ಲ. ಬೇಕಾದ ಬಹಳಷ್ಟು ಕೆಲಸ ಕಡಿಮೆ ಖರ್ಚಿನದು. ಯಾವ ಊರಿನ ದಡದಲ್ಲಿ ಎಷ್ಟು ತೂಕದ ಕಬ್ಬಿಣದ ದೋಣಿ ಇದೆ ಅನ್ನುವ ಪಟ್ಟಿ ತಾಲ್ಲೂಕು ಕಚೇರಿಯಲ್ಲಿ ಇರಬೇಕು. ಜೂನ್‌ಗೆ ಮುಂಚೆ ಅವನ್ನು ದಡದ ಮೇಲೆ ಎಳೆದು ಕಟ್ಟಿಸಬೇಕು. ಮೊದಲ ಪ್ರವಾಹ ಇಳಿದ ಕೂಡಲೇ ಕಂಬಕ್ಕೆ ಸಿಕ್ಕ ಮರ ತೆಗೆಸಬೇಕು. ಎರಡನೇ ಪ್ರವಾಹದವರೆಗೆ ಕಾಯಬಾರದು. ಮುಳುಗಿ ಎದ್ದ ಸೇತುವೆಯನ್ನು ಕೆಳಗಿನಿಂದ, ಕಂಬದ ತಲೆ ಮತ್ತು ಬುಡ ಎರಡನ್ನೂ ನೋಡಿದ ಮೇಲೆಯೇ ಭಾರದ ಗಾಡಿಗಳಿಗೆ ತೆರೆಯಬೇಕು. ಎರಡು ದಿನ ಸುತ್ತಿ ಬಳಸಿ ಹೋಗುವುದು ಜನರಿಗೆ ತೊಂದರೆಯೇ, ನಿಜ. ಆದರೂ ತಪಾಸಣೆ ಮೊದಲು ಆಗಬೇಕು.

ಬಾಲ್ಟಿಮೋರ್‌ನಲ್ಲಿ ಹಡಗಿನಿಂದ ಅಪಾಯದ ಕೂಗು ಬಂದ ಮೇಲೆ ಸೇತುವೆ ಬೀಳುವವರೆಗೆ ಸಿಕ್ಕಿದ್ದು ಸುಮಾರು ಎರಡು ನಿಮಿಷ. ಅಷ್ಟರಲ್ಲೇ ಪೊಲೀಸರು ಎರಡೂ ಕಡೆ ವಾಹನ ನಿಲ್ಲಿಸಿದರು. ಎಷ್ಟೋ ಜನ ಬದುಕಿದರು. ಮೇಲಿದ್ದ ಕೂಲಿಕಾರರಿಗೆ ಸುದ್ದಿ ಮುಟ್ಟಿಸಲು ಆಗಲಿಲ್ಲ. ನಮ್ಮಲ್ಲಿ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ದೂಧಗಂಗೆಯಿಂದ ಎಷ್ಟು ಸೇರಿತು, ಕಲ್ಲೋಳದಲ್ಲಿ ಕೃಷ್ಣೆ ಎಷ್ಟಾಯಿತು ಅನ್ನುವ ಲೆಕ್ಕ ಮಳೆಗಾಲದಲ್ಲಿ ದಿನವೂ ಬರುತ್ತದೆ. ಆ ನೀರು ಜಮಖಂಡಿ, ಕೊಲ್ಹಾರ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಒಂದು ದೋಣಿಗೆ ಎರಡನೇ ಹಗ್ಗ ಕಟ್ಟಲು ಅರ್ಧ ಗಂಟೆ ಸಾಕು.